ಕೂಸು ಹುಟ್ಟುವ ಮುಂಚಿನ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂದು ಆತುರಗಾರರನ್ನು ಹಾಸ್ಯ ಮಾಡುವುದು ನಮ್ಮಲ್ಲಿ ರೂಢಿ. ಅಮೆರಿಕೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ಆ ಕುಲಾವಿಯನ್ನು ಪೇಟೆಗೆ ತಂದು, ಹರಾಜು ಕೂಗಿ, ಕೂಸು ಕಣ್ಣು ಬಿಡುವುದರೊಳಗೆ ನಾಲ್ಕು ಕೈ ದಾಟಿಸಿ ಲಾಭ ಎಣಿಸಿಕೊಳ್ಳುವ ಒಂದು ವ್ಯಾಪಾರವೇ ನಡೆದಿದೆ. ಬೇಸ್‌ಬಾಲ್ ಆಟದಲ್ಲಿ ಮುಂದೆ ಹೆಸರು ಮಾಡಬಹುದೆಂದು ನಂಬಿಕೆ ಹುಟ್ಟಿಸಿದ ಹದಿಹರೆಯದ ಹುಡುಗರ ಚಿತ್ರವನ್ನು ಇಸ್ಪೀಟು ಎಲೆಗಿಂತ ಕೊಂಚ ದೊಡ್ಡದಾದ ರಟ್ಟಿನ ಮೇಲೆ ಅಚ್ಚು ಹಾಕಿ ಮಾರುತ್ತಾರೆ. ಇವಕ್ಕೆ ಪ್ರಾಸ್ಪೆಕ್ಟ್ ಕಾರ್ಡುಗಳೆಂದು ಹೆಸರು. ಹುಡುಗ ಇನ್ನೂ ದೊಡ್ಡ ಮೈದಾನಕ್ಕೆ ಕಾಲಿಟ್ಟಿರುವುದಿಲ್ಲ. ಅವನ ಕಾರ್ಡು ಆಗಲೇ ನೂರಾರು, ಕೆಲವೊಮ್ಮೆ ಸಾವಿರಾರು ಡಾಲರು ಬಾಳುತ್ತಿರುತ್ತದೆ.

ಇದರಿಂದ ನಮಗೇನೆಂದು ವಾಚಕರು ಕೇಳಬಹುದು. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಮುಂದಿನ ತಲೆಮಾರು ಇನ್ನೂ ದೂರ ಹೋಗಿದೆ. ಮಗನೋ ಮಗಳೋ ಅಮೆರಿಕೆಯಲ್ಲಿರುವ ಮನೆ ಈಗ ಅಪರೂಪವಲ್ಲ. ರಜೆಗೆ ಬರುವ ಮೊಮ್ಮಕ್ಕಳ ಚೀಲದಲ್ಲಿ ಇಂಥ ಒಂದು ಕಟ್ಟು ಇದ್ದರೂ ಇರಬಹುದು. ‘ಅಜ್ಜ, ಇದನ್ನು ಈಗ ಮಾರಲೋ, ಇಟ್ಟುಕೊಳ್ಳಲೋ?’ ಎಂದು ಹುಡುಗ ಕೇಳಿದರೆ ಅಜ್ಜ ತಬ್ಬಿಬ್ಬಾಗಬಾರದು. ಮೇಲಾಗಿ ಈ ಪ್ರಶ್ನೆ ಬರಿಯ ಕಾರ್ಡಿನದಲ್ಲ. ಜಾಗ ಕೊಂಡವನು, ಚಿನ್ನ ಕೊಂಡವನು, ಷೇರು ಕೊಂಡವನು ಎಲ್ಲರೂ ಒಂದಲ್ಲ ಒಂದು ರಾತ್ರಿ ಇದೇ ಪ್ರಶ್ನೆಯನ್ನು ತಲೆದಿಂಬಿನ ಕೆಳಗಿಟ್ಟು ಮಲಗಿದವರೇ.

ಮೊದಲು ಆಟದ ವಿಚಾರ. ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದಾಯಾದಿ. ಚೆಂಡೆಸೆಯುವವನು ಪಿಚರ್; ದುಂಡು ದಾಂಡು ಹಿಡಿದು ನಿಂತವನು ದಾಂಡಿಗ. ಮೇಜರ್ ಲೀಗ್ ಎಂಬ ಉನ್ನತ ಮಟ್ಟದಲ್ಲಿ ೩೦ ತಂಡಗಳಿವೆ. ಒಂದೊಂದು ತಂಡದ ಕೆಳಗೂ ಏಣಿಯ ಮೆಟ್ಟಿಲಿನಂತೆ ನಾಲ್ಕು ಹಂತದ ಕಿರಿಯ ತಂಡಗಳು: ಕೆಳ ಎ, ಮೇಲ್ ಎ, ಡಬಲ್ ಎ, ಟ್ರಿಪಲ್ ಎ. ೨೦೨೧ರಲ್ಲಿ ಕಿರಿಯ ತಂಡಗಳ ಸಂಖ್ಯೆಯನ್ನು ೧೨೦ಕ್ಕೆ ಇಳಿಸಲಾಯಿತು. ಶಾಲಾ ಕಾಲೇಜುಗಳ ಹುಡುಗರನ್ನು ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಆರಿಸಿಕೊಳ್ಳುತ್ತವೆ; ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಡೊಮಿನಿಕನ್ ಗಣರಾಜ್ಯ, ವೆನಿಜುವೆಲಾ ಮುಂತಾದ ದೇಶಗಳ ಹುಡುಗರನ್ನು ಹದಿನಾರರ ಪ್ರಾಯದಲ್ಲೇ ಒಪ್ಪಂದ ಮಾಡಿಕೊಂಡು ಕರೆತರುತ್ತಾರೆ. ಹೀಗೆ ಬಂದವರಲ್ಲಿ ಬಹುಪಾಲು ಮಂದಿ ಏಣಿಯ ಯಾವುದೋ ಮೆಟ್ಟಿಲಲ್ಲಿ ನಿಂತು, ಕೆಲವು ವರ್ಷ ಬೆವರು ಸುರಿಸಿ, ಮನೆಗೆ ಮರಳುತ್ತಾರೆ. ಮೇಲೆ ತಲುಪುವವರಿಗೂ ಸಾಮಾನ್ಯವಾಗಿ ಹಲವು ವರ್ಷ ಹಿಡಿಯುತ್ತದೆ.

ಆಟಗಾರರ ಚಿತ್ರದ ಕಾರ್ಡುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಸಿಗರೇಟು ಪೊಟ್ಟಣದೊಡನೆ ಬರುತ್ತಿದ್ದವು. ಆಮೇಲೆ ಅಗಿಯುವ ಗೋಂದಿನ ಮಿಠಾಯಿಯ ಜೊತೆಗೂಡಿದವು. ನ್ಯೂಯಾರ್ಕಿನ ಬ್ರೂಕ್‌ಲಿನ್ನಿನ ಟಾಪ್ಸ್ ಕಂಪೆನಿ ೧೯೫೨ರಲ್ಲಿ ತಂದ ಕಾರ್ಡುಗಳು ಹೆಸರುವಾಸಿಯಾದವು. ೧೯೫೬ರಲ್ಲಿ ಅದು ತನ್ನ ಎದುರಾಳಿ ಬೋಮನ್ ಕಂಪೆನಿಯನ್ನೇ ಕೊಂಡಿತು. ೧೯೮೯ರಲ್ಲಿ ಆ ಹಳೆಯ ಹೆಸರಿಗೆ ಮತ್ತೆ ಜೀವ ಕೊಟ್ಟಿತು. ೨೦೨೨ರ ಜನವರಿಯಲ್ಲಿ ಟಾಪ್ಸ್ ಕಾರ್ಡಿನ ವ್ಯವಹಾರ ಫನಾಟಿಕ್ಸ್ ಎಂಬ ಸಂಸ್ಥೆಯ ಕೈಸೇರಿತು. ಇಂದು ಬೋಮನ್ ಎಂದರೆ ಇನ್ನೂ ಮೇಲೆ ಬಾರದ ಹುಡುಗರ ಕಾರ್ಡು ಎಂದೇ ಅರ್ಥ. ಹುಡುಗನ ಮೊದಲ ಬೋಮನ್ ಕಾರ್ಡಿನ ಮೇಲೆ ‘ಮೊದಲನೆಯದು’ ಎಂಬ ಗುರುತು ಇರುತ್ತದೆ. ಅವನ ಸಹಿ ಇದ್ದರೆ ಬೆಲೆ ಹೆಚ್ಚು. ಬಣ್ಣದ ಅಂಚಿನ ಕಾರ್ಡುಗಳಿಗೆ ಸಂಖ್ಯೆಯ ಮಿತಿಯುಂಟು: ಚಿನ್ನದ ಬಣ್ಣದ್ದು ೫೦, ಕಿತ್ತಳೆ ೨೫, ಕೆಂಪು ೫, ಸೂಪರ್‌ಫ್ರಾಕ್ಟರ್ ಎಂಬುದು ಜಗತ್ತಿಗೆಲ್ಲ ಒಂದೇ ಒಂದು. ಆಟಗಾರ ಮೇಜರ್ ಲೀಗಿಗೆ ಬಂದ ಮೇಲೆ ಹೊರಡುವ ಕಾರ್ಡಿಗೆ ಮಾತ್ರ ‘ರೂಕಿ’ ಎಂಬ ಅಧಿಕೃತ ಮುದ್ರೆ ಹಾಕಬೇಕೆಂದು ೨೦೦೬ರಿಂದ ನಿಯಮ. ಆದರೂ ಸಂಗ್ರಾಹಕರು ಮೊದಲ ಬೋಮನ್ ಕಾರ್ಡಿಗೇ ಹೆಚ್ಚು ಮರುಳಾಗುತ್ತಾರೆ.

ಹಾಗಾದರೆ ಮಾರುವುದು ಯಾವಾಗ? ನಮ್ಮ ಹಿರಿಯರು ಇದಕ್ಕೆ ಎರಡು ಉತ್ತರ ಇಟ್ಟು ಹೋಗಿದ್ದಾರೆ. ‘ಗಾಳಿ ಬಂದಾಗ ತೂರಿಕೊ’ ಎಂಬುದೊಂದು. ‘ತಾಳಿದವನು ಬಾಳಿಯಾನು’ ಎಂಬುದು ಇನ್ನೊಂದು. ಎರಡೂ ನಿಜ. ಯಾವುದು ಯಾವ ದಿನಕ್ಕೆ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ.

೨೦೧೩ರ ಡ್ರಾಫ್ಟನ್ನು ತೆಗೆದುಕೊಳ್ಳಿ. ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಮಾರ್ಕ್ ಅಪೆಲ್ ಎಂಬ ಪಿಚರ್. ಎರಡನೆಯವನು ಕ್ರಿಸ್ ಬ್ರಯಂಟ್. ಮೂವತ್ತೆರಡನೆಯವನು ಆರನ್ ಜಡ್ಜ್. ತಜ್ಞರು ಕೊಟ್ಟ ಈ ಕ್ರಮವನ್ನೇ ನಂಬಿ ಒಬ್ಬನು ಮೂವರ ಕಾರ್ಡನ್ನೂ ಕೊಂಡಿದ್ದನೆಂದು ಭಾವಿಸೋಣ. ಅಪೆಲ್ ಭುಜದ ನೋವು, ಮೊಣಕೈ ನೋವುಗಳಲ್ಲಿ ಸೊರಗಿ ೨೦೧೮ರಲ್ಲಿ ಆಟವನ್ನೇ ಬಿಟ್ಟುಹೋದ. ಬ್ರಯಂಟ್ ೨೦೧೫ರಲ್ಲಿ ವರ್ಷದ ಹೊಸಬನೆಂಬ ಪ್ರಶಸ್ತಿ, ೨೦೧೬ರಲ್ಲಿ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದ. ಅದೇ ವರ್ಷ ಅವನ ತಂಡ ಶಿಕಾಗೊ ಕಬ್ಸ್ ೧೦೮ ವರ್ಷಗಳ ಮೇಲೆ ವಿಶ್ವ ಸರಣಿಯನ್ನು ಗೆದ್ದಿತು. ಅವನ ಕಾರ್ಡಿಗೆ ಅದಕ್ಕಿಂತ ದೊಡ್ಡ ಗಾಳಿ ಮತ್ತೆ ಬೀಸಲಿಲ್ಲ. ೨೦೨೨ರಲ್ಲಿ ಕೊಲೊರಾಡೊ ತಂಡಕ್ಕೆ ಹೋದ ಮೇಲೆ ಗಾಯಗಳಿಂದಾಗಿ ಆಡಿದ ಪಂದ್ಯಗಳೇ ಕಡಮೆ. ಇನ್ನು ಜಡ್ಜ್ ೨೦೧೬ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಬಂದು ಮೊದಲ ಸರದಿಯಲ್ಲೇ ಹೋಮ್ ರನ್ ಹೊಡೆದ. ಆದರೆ ಆ ವರ್ಷ ಲೆಕ್ಕಕ್ಕೆ ಬಂದ ೮೪ ಸರದಿಗಳಲ್ಲಿ ೪೨ ಬಾರಿ, ಎಂದರೆ ಸರಿಯಾಗಿ ಅರ್ಧದಷ್ಟು, ಚೆಂಡು ತಾಗದೆಯೇ ಔಟಾದ. ಆ ಚಳಿಗಾಲದಲ್ಲಿ ಕೈಸೋತು ಅವನ ಕಾರ್ಡನ್ನು ಮಾರಿದವರ ತರ್ಕ ತಪ್ಪೆನ್ನಲಾಗದು. ಮರುವರ್ಷ ಅವನು ೫೨ ಹೋಮ್ ರನ್ ಹೊಡೆದ. ೨೦೨೨ರಲ್ಲಿ ೬೨ ಹೊಡೆದು ಅಮೆರಿಕನ್ ಲೀಗಿನ ದಾಖಲೆ ಮುರಿದ. ಮೂರು ಕಾರ್ಡು, ಮೂರು ಉತ್ತರ. ಅಪೆಲ್ಲನದು ಡ್ರಾಫ್ಟಿನ ಬಿಸಿ ಆರುವ ಮುಂಚೆ ಮಾರಬೇಕಾದದ್ದು. ಬ್ರಯಂಟನದು ಗೆಲುವಿನ ನಡುವೆ ಮಾರಬೇಕಾದದ್ದು. ಜಡ್ಜನದು ಹಲ್ಲುಕಚ್ಚಿ ಇಟ್ಟುಕೊಳ್ಳಬೇಕಾದದ್ದು.

ಆದರೂ ಸಾಮಾನ್ಯ ನಿಯಮವೊಂದು ಅನುಭವಿಗಳ ಬಾಯಲ್ಲಿದೆ: ಹುಡುಗನಿಗೆ ಮೇಜರ್ ಲೀಗಿನಿಂದ ಕರೆ ಬಂದ ದಿನವೇ ಮಾರು. ಇದಕ್ಕೆ ಕಾರಣಗಳಿವೆ. ಆ ದಿನ ಅವನ ಹೆಸರು ಪತ್ರಿಕೆಗಳಲ್ಲೆಲ್ಲ ಇರುವುದರಿಂದ ಗಿರಾಕಿಗಳು ಅತಿ ಹೆಚ್ಚು. ಅದುವರೆಗೆ ಅವನು ಕಲ್ಪನೆಯ ವೀರ. ಕಲ್ಪನೆಯಲ್ಲಿ ಯಾರೂ ಔಟಾಗುವುದಿಲ್ಲ. ಮರುದಿನದಿಂದ ಅವನು ಅಂಕಿಗಳಿಗೆ ಒಳಪಟ್ಟ ಮನುಷ್ಯ. ೨೦೨೨ರ ಡ್ರಾಫ್ಟಿನ ಮೊದಲಿಗ ಜಾಕ್ಸನ್ ಹಾಲಿಡೇ ೨೦೨೪ರ ಏಪ್ರಿಲಿನಲ್ಲಿ ಬಾಲ್ಟಿಮೋರ್ ತಂಡಕ್ಕೆ ಬಂದಾಗ ಲೆಕ್ಕಕ್ಕೆ ಬಂದ ೩೪ ಸರದಿಗಳಲ್ಲಿ ಎರಡೇ ಸಲ ಚೆಂಡನ್ನು ಸರಿಯಾಗಿ ಹೊಡೆದು, ಅದೇ ತಿಂಗಳು ಕೆಳಗಿನ ತಂಡಕ್ಕೆ ಮರಳಿದ. ಮೈಕ್ ಟ್ರೌಟನಂಥವನೇ ೨೦೧೧ರಲ್ಲಿ ಬಂದ ಹೊಸದರಲ್ಲಿ ತಡವರಿಸಿದ್ದ. ಇನ್ನೊಂದು ಕಾರಣ, ಆಟಗಾರ ಮೇಲೆ ಬಂದೊಡನೆ ಅವನ ಹೊಸ ಹೊಸ ಕಾರ್ಡುಗಳು ಅಚ್ಚಾಗುತ್ತವೆ. ಮನೆಗಳಲ್ಲಿ ಅಡಗಿದ್ದ ಹಳೆಯವೂ ಒಟ್ಟಿಗೆ ಪೇಟೆಗೆ ಬರುತ್ತವೆ. ಮಾವಿನ ಕಾಲದಲ್ಲಿ ಮಾವಿನ ಧಾರಣೆ ಏನಾಗುವುದೆಂದು ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ.

ಪಿಚರುಗಳ ವಿಷಯದಲ್ಲಂತೂ ತಡಮಾಡುವುದು ಅಪಾಯ. ಸ್ಟೀಫನ್ ಸ್ಟ್ರಾಸ್‌ಬರ್ಗ್ ೨೦೦೯ರ ಡ್ರಾಫ್ಟಿನ ಮೊದಲಿಗ. ೨೦೧೦ರ ಜೂನ್ ೮ರಂದು ವಾಷಿಂಗ್ಟನ್ನಿನಲ್ಲಿ ಮೊದಲ ಪಂದ್ಯವಾಡಿ ೧೪ ದಾಂಡಿಗರನ್ನು ಚೆಂಡು ತಾಗಗೊಡದೆ ಹೊರಗಟ್ಟಿದ. ಅವನ ಕಾರ್ಡುಗಳಿಗೆ ಹುಚ್ಚು ಬೇಡಿಕೆ ಬಂತು. ಸೆಪ್ಟೆಂಬರಿನಲ್ಲಿ ಮೊಣಕೈಯ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ್ದ. ಈ ಚಿಕಿತ್ಸೆಯನ್ನು ೧೯೭೪ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಆಟಗಾರನಿಗೆ ಮೊದಲು ಮಾಡಿದ್ದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಮಾಡಿಸಿಕೊಂಡವನು ಮತ್ತೆ ಎಸೆಯಲು ವರ್ಷದ ಮೇಲಾಗುತ್ತದೆ. ಮುಂದೆ ಸ್ಟ್ರಾಸ್‌ಬರ್ಗ್ ೨೦೧೯ರ ವಿಶ್ವ ಸರಣಿಯ ಶ್ರೇಷ್ಠ ಆಟಗಾರನಾದ. ೨೪ ಕೋಟಿ ೫೦ ಲಕ್ಷ ಡಾಲರುಗಳ ಒಪ್ಪಂದ ಪಡೆದ. ಆಮೇಲೆ ಗಾಯಗಳಿಂದ ಆಡಲಾಗದೆ ೨೦೨೪ರಲ್ಲಿ ನಿವೃತ್ತನಾದ. ಅವನನ್ನು ಸೋತವನೆಂದು ಯಾರೂ ಹೇಳಲಾರರು. ಆದರೆ ಕಾರ್ಡು ಮಾರುವವನಿಗೆ ಆ ಜೂನ್ ತಿಂಗಳು ಮತ್ತೆ ಬರಲಿಲ್ಲ.

ಭರವಸೆಗೆ ಬೆಲೆ ಕಟ್ಟುವುದು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಜ್ಯಾಸನ್ ಡೊಮಿಂಗೆಜನ ಕಥೆಯಿದೆ. ೨೦೧೯ರಲ್ಲಿ ಯಾಂಕೀಸ್ ತಂಡ ಹದಿನಾರರ ಈ ಡೊಮಿನಿಕನ್ ಬಾಲಕನಿಗೆ ೫೧ ಲಕ್ಷ ಡಾಲರು ಕೊಟ್ಟು ಒಪ್ಪಂದ ಮಾಡಿಕೊಂಡಿತು. ೨೦೨೦ರಲ್ಲಿ ಅವನ ಕಾರ್ಡು ಹೊರಬಂದಾಗ ಜನ ಮುಗಿಬಿದ್ದರು. ಆ ವರ್ಷ ಸಾಂಕ್ರಾಮಿಕದಿಂದ ಕಿರಿಯರ ಪಂದ್ಯಗಳೇ ರದ್ದಾದವು. ಅವನು ಮೊದಲ ವೃತ್ತಿಪರ ಪಂದ್ಯವಾಡಿದ್ದು ೨೦೨೧ರಲ್ಲಿ. ಒಂದೂ ಅಂಕಿಯಿಲ್ಲದ ಹುಡುಗನಿಗೆ ಅಷ್ಟು ಬೆಲೆ! ೨೦೨೩ರ ಸೆಪ್ಟೆಂಬರಿನಲ್ಲಿ ಮೇಲೆ ಬಂದು ಎಂಟು ಪಂದ್ಯಗಳಲ್ಲಿ ನಾಲ್ಕು ಹೋಮ್ ರನ್ ಹೊಡೆದ. ಒಂಬತ್ತನೆಯದಕ್ಕೆ ಮೊದಲೇ ಮೊಣಕೈ ಕೈಕೊಟ್ಟಿತು.

ಇದಕ್ಕೆ ವಿರುದ್ಧವಾದ ಪಾಠವೂ ಇದೆ. ೧೯೮೯ರಲ್ಲಿ ಅಪ್ಪರ್ ಡೆಕ್ ಎಂಬ ಹೊಸ ಕಂಪೆನಿ ತನ್ನ ಮೊಟ್ಟಮೊದಲ ಕಾರ್ಡಿಗೆ ಇನ್ನೂ ಮೇಲೆ ಬಾರದಿದ್ದ ಕೆನ್ ಗ್ರಿಫಿ ಜೂನಿಯರನನ್ನು ಆರಿಸಿತು. ಆಯ್ಕೆ ನೂರಕ್ಕೆ ನೂರು ಸರಿಯಾಯಿತು. ೨೦೧೬ರಲ್ಲಿ ಅವನು ಕೀರ್ತಿಭವನ ಸೇರಿದ. ಆದರೂ ಆ ಕಾರ್ಡು ಕೊಂಡವರೆಲ್ಲ ಧನಿಕರಾಗಲಿಲ್ಲ. ಆ ಕಾಲದಲ್ಲಿ ಕಂಪೆನಿಗಳು ಕಾರ್ಡುಗಳನ್ನು ಮಿತಿಯಿಲ್ಲದೆ ಅಚ್ಚು ಹಾಕಿದವು. ಮನೆಮನೆಯಲ್ಲೂ ಜನ ಜೋಪಾನ ಮಾಡಿದರು. ಎಲ್ಲರ ಬಳಿ ಇರುವ ವಸ್ತುವನ್ನು ಯಾರಿಗೆ ಮಾರುವುದು? ಹುಡುಗನನ್ನು ಸರಿಯಾಗಿ ಗುರುತಿಸುವುದು ಅರ್ಧ ಕೆಲಸ. ಎಷ್ಟು ಕಾರ್ಡು ಅಚ್ಚಾಗಿದೆ ಎಂದು ನೋಡುವುದು ಉಳಿದರ್ಧ.

ಪೇಟೆಗೂ ತನ್ನದೇ ಉಬ್ಬರ ಇಳಿತಗಳಿವೆ. ೨೦೨೦ರಲ್ಲಿ ಜನ ಮನೆಯೊಳಗೆ ಕುಳಿತಾಗ ಕಾರ್ಡುಗಳ ಬೆಲೆ ಏಕಾಏಕಿ ಏರಿತು. ಟ್ರೌಟನ ಸಹಿಯುಳ್ಳ ೨೦೦೯ರ ಏಕಮಾತ್ರ ಸೂಪರ್‌ಫ್ರಾಕ್ಟರನ್ನು ೨೦೧೮ರಲ್ಲಿ ಸುಮಾರು ೪ ಲಕ್ಷ ಡಾಲರಿಗೆ ಕೊಂಡವನೊಬ್ಬ ೨೦೨೦ರ ಆಗಸ್ಟಿನ ಹರಾಜಿನಲ್ಲಿ ೩೯ ಲಕ್ಷ ಡಾಲರಿಗೂ ಮೀರಿ ಮಾರಿದ. ಮರುವರ್ಷ ಟ್ರೌಟ್ ಗಾಯದಿಂದ ೩೬ ಪಂದ್ಯಗಳನ್ನಷ್ಟೇ ಆಡಿದ. ಕಾರ್ಡಿನ ದರ್ಜೆ ನಿರ್ಣಯಿಸುವ ಪಿಎಸ್‌ಎ ಸಂಸ್ಥೆಗೆ ೨೦೨೧ರ ಮಾರ್ಚಿನಲ್ಲಿ ಬಂದ ರಾಶಿಯನ್ನು ತಡೆಯಲಾರದೆ ಬಹುತೇಕ ಸೇವೆಗಳನ್ನು ಕೆಲವು ಕಾಲ ನಿಲ್ಲಿಸಬೇಕಾಯಿತು. ಊರಿಗೆ ಊರೇ ಕೊಳ್ಳಲು ಸಾಲುಗಟ್ಟಿದಾಗ ಮಾರುವವನ ಕಾಲ ಬಂದಿದೆಯೆಂದು ತಿಳಿಯಬೇಕು. ೨೦೨೨ರ ಹೊತ್ತಿಗೆ ಹೊಸ ಕಾರ್ಡುಗಳ ಧಾರಣೆ ಬಹುಮಟ್ಟಿಗೆ ಇಳಿದಿತ್ತು.

ಕಚೇರಿಯಲ್ಲಿ ಜಮಾಖರ್ಚು ಬರೆಯುವ ನನ್ನಂಥವನಿಗೆ ಲೆಕ್ಕ ಹಾಕದೆ ಸಮಾಧಾನವಿಲ್ಲ. ಇದು ಕಲ್ಪನೆಯ ಲೆಕ್ಕ. ಒಬ್ಬನು ಇಪ್ಪತ್ತು ಹುಡುಗರ ಕಾರ್ಡುಗಳನ್ನು ತಲಾ ೫೦ ಡಾಲರಿನಂತೆ ೧,೦೦೦ ಡಾಲರಿಗೆ ಕೊಂಡನೆನ್ನಿ. ನಾಲ್ಕು ವರ್ಷಗಳ ಮೇಲೆ ಹನ್ನೆರಡು ಮಂದಿ ಮರೆಯಾಗಿ ಅವರ ಕಾರ್ಡು ತಲಾ ೫ ಡಾಲರಿಗೆ ಬಿತ್ತು: ೬೦. ಐವರು ಸಾಧಾರಣರಾದರು, ತಲಾ ೪೦: ೨೦೦. ಇಬ್ಬರು ಒಳ್ಳೆಯವರು, ತಲಾ ೨೦೦: ೪೦೦. ಒಬ್ಬ ತಾರೆ: ೧,೦೦೦. ಒಟ್ಟು ೧,೬೬೦. ಇಬೇಯಂಥ ಅಂತರ್ಜಾಲದ ಪೇಟೆಯಲ್ಲಿ ಮಾರಿದರೆ ದಲಾಲಿ ನೂರಕ್ಕೆ ಹದಿಮೂರರ ಆಸುಪಾಸು. ಅದು ಕಳೆದು ಉಳಿದದ್ದು ೧,೪೪೪. ಲಾಭ ೪೪೪. ಈಗ ಆತುರದಿಂದ ತಾರೆಯ ಕಾರ್ಡನ್ನು ಮೊದಲೇ ೧೫೦ಕ್ಕೆ ಮಾರಿದ್ದರೆ? ಒಟ್ಟು ೮೧೦; ದಲಾಲಿ ಕಳೆದು ೭೦೫ಕ್ಕಿಂತ ಕಡಮೆ. ಸುಮಾರು ೨೯೫ ಡಾಲರು ನಷ್ಟ. ಇನ್ನೊಂದು ಬಗೆ: ತಾರೆಯನ್ನು ಇಟ್ಟುಕೊಂಡು, ಮರೆಯಾಗಲಿರುವ ಹನ್ನೆರಡನ್ನು ಆಸೆ ಇನ್ನೂ ಉಳಿದಿರುವಾಗಲೇ ತಲಾ ೪೦ಕ್ಕೆ ಮಾರಿದ್ದರೆ? ಒಟ್ಟು ೨,೦೮೦, ದಲಾಲಿ ಕಳೆದು ೧,೮೧೦ರ ಸಮೀಪ. ಲಾಭ ೮೧೦.

ಆದ್ದರಿಂದ ಎರಡು ಗಾದೆಗಳೂ ಒಂದೇ ಪೆಟ್ಟಿಗೆಯಲ್ಲಿ ಬಾಳಬೇಕು. ಬಹುಪಾಲು ಕಾರ್ಡುಗಳಿಗೆ ‘ಗಾಳಿ ಬಂದಾಗ ತೂರಿಕೊ’. ಒಂದೆರಡಕ್ಕೆ ಮಾತ್ರ ‘ತಾಳಿದವನು ಬಾಳಿಯಾನು’. ಅವನ್ನು ಬೇರ್ಪಡಿಸಲು ಕೆಲವು ಲಕ್ಷಣಗಳಿವೆ. ಹುಡುಗನ ವಯಸ್ಸನ್ನು ಅವನು ನಿಂತ ಮೆಟ್ಟಿಲಿನೊಡನೆ ಹೋಲಿಸಬೇಕು; ಡಬಲ್ ಎ ಹಂತದಲ್ಲಿ ಹತ್ತೊಂಬತ್ತರವನು ತೋರಿದ ಆಟಕ್ಕೂ ಇಪ್ಪತ್ತನಾಲ್ಕರವನು ತೋರಿದ ಅದೇ ಆಟಕ್ಕೂ ಅಜಗಜಾಂತರ. ಮೆಟ್ಟಿಲು ಏರಿದಂತೆ ಚೆಂಡು ತಾಗದೆ ಔಟಾಗುವುದು ಹೆಚ್ಚುತ್ತಿದ್ದರೆ ಅನುಮಾನಿಸಬೇಕು. ಒಂದೇ ಮೆಟ್ಟಿಲಲ್ಲಿ ಎರಡು ವರ್ಷ ನಿಂತವನದನ್ನು, ಪದೇ ಪದೇ ಗಾಯಗೊಳ್ಳುವವನದನ್ನು ಬಿಟ್ಟುಬಿಡುವುದು ಲೇಸು.

ಕಾಲವನ್ನೂ ನೋಡಬೇಕು. ಆಟ ನಡೆಯುವುದು ವಸಂತದಿಂದ ಶರತ್ಕಾಲದವರೆಗೆ. ಚಳಿಗಾಲದಲ್ಲಿ ಗಿರಾಕಿಗಳ ಗಮನ ಬೇರೆ ಆಟಗಳತ್ತ. ಬೇಸ್‌ಬಾಲ್ ಅಮೆರಿಕ ಎಂಬ ಪತ್ರಿಕೆ ೧೯೯೦ರಿಂದ ಪ್ರತಿವರ್ಷ ನೂರು ಭರವಸೆಯ ಹುಡುಗರ ಪಟ್ಟಿ ಕೊಡುತ್ತಿದೆ. ಹೊಸದಾಗಿ ಆ ಪಟ್ಟಿ ಸೇರಿದವನ ಕಾರ್ಡಿಗೆ ಜೀವ ಬರುತ್ತದೆ. ದರ್ಜೆ ಹಾಕಿಸುವುದಿದ್ದರೆ ಮುಂಚಿತವಾಗಿ ಕಳಿಸಬೇಕು. ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುವಿನಲ್ಲಿದೆಯೇ ಎಂಬುದನ್ನೆಲ್ಲ ನೋಡಿ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಒಂಬತ್ತಕ್ಕೂ ಹತ್ತಕ್ಕೂ ಬೆಲೆಯಲ್ಲಿ ಬಹಳ ಅಂತರ. ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುವುದರಿಂದ, ಕರೆ ಬಂದ ಮೇಲೆ ಕಳಿಸಿದವನ ಕಾರ್ಡು ಹಬ್ಬ ಮುಗಿದ ಮೇಲೆ ಬಂದ ಹೊಸಬಟ್ಟೆಯಾಗುತ್ತದೆ. ತೆರಿಗೆಯೂ ಉಂಟು. ಅಮೆರಿಕೆಯ ಕಾನೂನಿನಂತೆ ಸಂಗ್ರಹವಸ್ತುವನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದರೆ ಲಾಭದ ಮೇಲಿನ ಕೇಂದ್ರ ತೆರಿಗೆ ನೂರಕ್ಕೆ ೨೮ನ್ನು ಮೀರದು. ಅದಕ್ಕೆ ಮುಂಚೆ ಮಾರಿದರೆ ಸಂಬಳದ ಮೇಲಿನ ದರವೇ ಅನ್ವಯ. ದೊಡ್ಡ ವರಮಾನದವನಿಗೆ ಕೆಲವು ವಾರ ಕಾಯುವುದು ಲಾಭ. ಸಣ್ಣ ವರಮಾನದವನು ತೆರಿಗೆಗಾಗಿ ಕಾದು ಧಾರಣೆ ಕಳೆದುಕೊಳ್ಳಬೇಕಾಗಿಲ್ಲ.

ಎಲ್ಲಕ್ಕೂ ಮಿಗಿಲಾದದ್ದು, ಕೊಳ್ಳುವ ದಿನವೇ ಮಾರುವ ಬೆಲೆಯನ್ನು ಒಂದು ಚೀಟಿಯಲ್ಲಿ ಬರೆದಿಡುವುದು. ಬೆಲೆ ಏರುತ್ತಿರುವಾಗ ಮನುಷ್ಯನ ಬುದ್ಧಿ ಅವನ ಕೈಯಲ್ಲಿರುವುದಿಲ್ಲ. ಎರಡು ಕಾರ್ಡಿದ್ದರೆ ಬೆಲೆ ಇಮ್ಮಡಿಸಿದಾಗ ಒಂದನ್ನು ಮಾರಿ ಬಂಡವಾಳ ತೆಗೆದುಕೊಳ್ಳಬೇಕು. ಉಳಿದದ್ದು ಏರಿದರೆ ಸಂತೋಷ, ಬಿದ್ದರೆ ನಿದ್ದೆಗೆ ಭಂಗವಿಲ್ಲ.

೨೦೨೪ರಲ್ಲಿ ಒಂದು ಮನೆಯವರು ಈ ನಿರ್ಧಾರವನ್ನು ಲೋಕದ ಕಣ್ಣೆದುರಿಗೇ ಮಾಡಬೇಕಾಯಿತು. ಲಾಸ್ ಏಂಜಲೀಸಿನ ಹನ್ನೊಂದು ವರ್ಷದ ಬಾಲಕನೊಬ್ಬನಿಗೆ ಕ್ರಿಸ್ಮಸ್ಸಿನ ಉಡುಗೊರೆಯ ಪೊಟ್ಟಣದಲ್ಲಿ ಪಿಟ್ಸ್‌ಬರ್ಗಿನ ಪಿಚರ್ ಪಾಲ್ ಸ್ಕೀನ್ಸನ ಏಕಮಾತ್ರ ಕಾರ್ಡು ಸಿಕ್ಕಿತು. ಮೊದಲ ಪಂದ್ಯದಲ್ಲಿ ಅವನ ಅಂಗಿಯ ಮೇಲಿದ್ದ ಬಟ್ಟೆಯ ಮುದ್ರೆಯನ್ನೇ ಬಿಚ್ಚಿ ಅದರಲ್ಲಿ ಕೂಡಿಸಿ, ಸಹಿ ಹಾಕಿಸಿದ್ದರು. ಆ ತಂಡ ಕಾರ್ಡಿಗೆ ಬದಲಾಗಿ ಮೂವತ್ತು ವರ್ಷಗಳ ಕಾಲ ಮೈದಾನದಲ್ಲಿ ಎರಡು ಒಳ್ಳೆಯ ಆಸನಗಳನ್ನು ಕೊಡುವುದಾಗಿ ಮುಂದೆ ಬಂತು. ಮನೆಯವರು ಒಪ್ಪದೆ ೨೦೨೫ರ ಮಾರ್ಚಿನಲ್ಲಿ ಹರಾಜಿಗಿಟ್ಟರು. ೧೧ ಲಕ್ಷ ೧೦ ಸಾವಿರ ಡಾಲರು ಬಂತು. ಅದೇ ವರ್ಷ ಸ್ಕೀನ್ಸ್ ಪಿಚರುಗಳ ಪರಮೋಚ್ಚ ಗೌರವವಾದ ಸೈ ಯಂಗ್ ಪ್ರಶಸ್ತಿಯನ್ನು ಪಡೆದ. ಕಾದಿದ್ದರೆ ಇನ್ನಷ್ಟು ಬರುತ್ತಿತ್ತೇನೋ ಎಂದು ಹೇಳುವವರಿದ್ದಾರೆ. ಆದರೆ ಒಬ್ಬ ಪಿಚರನ ಮೊಣಕೈಗೆ ಒಂದು ಮಗುವಿನ ಭವಿಷ್ಯವನ್ನು ಕಟ್ಟಿಹಾಕದೆ ಬಿಟ್ಟವರನ್ನು ನಾನಂತೂ ಜಾಣರೆಂದೇ ಕರೆಯುತ್ತೇನೆ.

ಮೊಣಕೈಯ ಮಾತು ಬಂದಾಗ ಇನ್ನೊಂದು ಸಂಗತಿ ಹೇಳಲೇಬೇಕು. ಈ ವ್ಯಾಪಾರದಲ್ಲಿ ‘ಸರಕು’ ಎಂಬುದು ಹದಿನೆಂಟು ಇಪ್ಪತ್ತರ ಹುಡುಗ. ಅವನ ಭುಜ ನೋಯುವುದು ನಮಗೆ ಧಾರಣೆಯ ಇಳಿತ. ಅವನ ತಾಯಿಗೆ ಅದು ಬೇರೆಯೇ ಸುದ್ದಿ. ಆಟ ಬಿಟ್ಟು ಹೋದನೆಂದೆನಲ್ಲ, ಆ ಮಾರ್ಕ್ ಅಪೆಲ್ ೨೦೨೧ರಲ್ಲಿ ಮತ್ತೆ ಬಂದ. ಕಾರ್ಡಿನ ಪೇಟೆ ಅವನನ್ನು ಎಂದೋ ಮರೆತಿತ್ತು. ಏಣಿಯ ಮೆಟ್ಟಿಲುಗಳನ್ನು ಮತ್ತೆ ಹತ್ತಿ, ಆಯ್ಕೆಯಾದ ಒಂಬತ್ತು ವರ್ಷಗಳ ಮೇಲೆ, ೨೦೨೨ರ ಜೂನ್ ೨೯ರಂದು ಫಿಲಡೆಲ್ಫಿಯಾ ತಂಡದ ಪರವಾಗಿ ತನ್ನ ಮೂವತ್ತನೆಯ ವಯಸ್ಸಿನಲ್ಲಿ ಮೇಜರ್ ಲೀಗಿನ ಮೈದಾನಕ್ಕಿಳಿದ. ಆಡಿದ್ದು ಆರೇ ಪಂದ್ಯ.

ಕಾರ್ಡು ಮಾರುವವರು ಮಾರಲಿ. ಲೆಕ್ಕವಿಟ್ಟು, ಹೊತ್ತರಿತು ಮಾರಲಿ. ಮಕ್ಕಳಿಗೆ ಹಣದ ಶಿಸ್ತು ಕಲಿಸಲು ಇದೂ ಒಂದು ದಾರಿ. ಆದರೆ ಪ್ರತಿ ಪೆಟ್ಟಿಗೆಯಲ್ಲೂ ಮಾರಾಟಕ್ಕಿಲ್ಲದ ಒಂದು ಕಾರ್ಡು ಇರಲಿ. ಅದು ತಾರೆಯದೇ ಆಗಿರಬೇಕೆಂದಿಲ್ಲ. ಐದು ಡಾಲರಿಗೂ ಬಾಳದ ಅಪೆಲ್ಲನ ಕಾರ್ಡನ್ನು ಇಟ್ಟುಕೊಂಡ ಹುಡುಗನಿದ್ದರೆ, ಆ ಜೂನಿನ ರಾತ್ರಿ ಅವನಿಗಾದ ಸಂತೋಷ ಯಾವ ಹರಾಜಿನಲ್ಲೂ ಸಿಕ್ಕುತ್ತಿರಲಿಲ್ಲ.